ಅಮ್ಮನ ಹತ್ತು ಗಂಟೆಯ ವಿಮಾನಕ್ಕೆ ಯಾವ ಹೆಡ್‌ಫೋನ್ ಕೊಡಿಸಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಶಿಡ್ಲಘಟ್ಟ. ಅಮ್ಮನಿಗೆ 59 ವರ್ಷ. ಮನೆಗೆ ಅಂಟಿಕೊಂಡೇ ರೇಷ್ಮೆ ನೂಲಿನ ಟ್ವಿಸ್ಟಿಂಗ್ ಘಟಕ ಇದೆ. 25 ವರ್ಷದಿಂದ ಅಮ್ಮ ಆ ಯಂತ್ರಗಳ ಪಕ್ಕದಲ್ಲೇ ಕೆಲಸ ಮಾಡಿದ್ದಾರೆ. ಹೋದ ವರ್ಷ ಮೊದಲ ಸಲ ವಿಮಾನ ಹತ್ತಿ ದೆಹಲಿಗೆ ಹೋಗಿ ಬಂದರು. ಸೀಟು ತೀರಾ ಹಿಂದೆ ಸಿಕ್ಕಿತ್ತು. ಇಳಿಯುವಾಗ ಕಿವಿ ನೋವು, ಇಳಿದ ಮೇಲೆ ತಲೆನೋವು. ಎರಡು ದಿನ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಈಗ ತಂಗಿಯ ಬಾಣಂತನಕ್ಕೆ ಜರ್ಮನಿಗೆ ಹೋಗಬೇಕು. ಫ್ರಾಂಕ್‌ಫರ್ಟ್‌ಗೆ ಸುಮಾರು 10 ಗಂಟೆ ಪ್ರಯಾಣ. ಅಮ್ಮನಿಗೆ ಈಗಲೇ ಭಯ. ಸದ್ದು ಕಡಿಮೆ ಮಾಡುವ ಹೆಡ್‌ಫೋನ್ ಕೊಡಿಸೋಣ ಅಂತ ಚಿಕ್ಕಬಳ್ಳಾಪುರದಲ್ಲಿ ಕೇಳಿದೆ. ಅಂಗಡಿಯವರು 1,800 ರೂಪಾಯಿಯ ನೆಕ್‌ಬ್ಯಾಂಡ್ ತೋರಿಸಿ 'ಇದರಲ್ಲೂ ನಾಯ್ಸ್ ಕ್ಯಾನ್ಸಲೇಶನ್ ಇದೆ' ಅಂದರು. ಬೆಂಗಳೂರಿನ ಸ್ನೇಹಿತ '25 ಸಾವಿರಕ್ಕಿಂತ ಕಡಿಮೆಯದ್ದು ಸುಮ್ನೆ ದುಡ್ಡು ದಂಡ' ಅನ್ನುತ್ತಾನೆ. ಪಕ್ಕದ ಮನೆಯವರು 'ಅದು ಕಿವಿಯೊಳಗೆ ಅಲೆ ಬಿಡುತ್ತದೆ, ಮಿದುಳಿಗೆ ಕೆಟ್ಟದ್ದು' ಅಂತ ಹೆದರಿಸಿದ್ದಾರೆ. ನಮ್ಮ ಕೈಯಲ್ಲಿ 7-8 ಸಾವಿರ ಆಗಬಹುದು. ಅಮ್ಮ ಬೆಂಡೋಲೆ ತೆಗೆಯುವುದಿಲ್ಲ, ಕನ್ನಡಕ ಬೇರೆ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಟ್ವಿಸ್ಟಿಂಗ್ ಯಂತ್ರದ್ದು. ಅದಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಹೆಡ್‌ಫೋನ್ ಆಯ್ಕೆಗೂ ಅದಕ್ಕೂ ನೇರ ಸಂಬಂಧ ಇದೆ.

ಮೊದಲು ಒಂದು ಗಂಟು ಬಿಚ್ಚೋಣ. ಅಮ್ಮನಿಗೆ ಆಗಿರುವುದು ಮೂರು ಬೇರೆ ಬೇರೆ ತೊಂದರೆ. ಹಾರುವಾಗಿನ ಸದ್ದಿನಿಂದ ಆದ ಸುಸ್ತು ಮತ್ತು ತಲೆನೋವು ಒಂದು. ಇಳಿಯುವಾಗಿನ ಕಿವಿ ನೋವು ಎರಡನೆಯದು. ಆಮೇಲೆ ಎರಡು ದಿನ ಕೇಳಿಸಿದ ಗುಂಯ್ ಸದ್ದು ಮೂರನೆಯದು. ಒಳ್ಳೆಯ ಹೆಡ್‌ಫೋನ್ ಮೊದಲನೆಯದಕ್ಕೆ ನಿಜವಾಗಿಯೂ ಸಹಾಯ ಮಾಡುತ್ತದೆ. ಎರಡನೆಯದಕ್ಕೆ ಎಷ್ಟು ದುಡ್ಡು ಕೊಟ್ಟರೂ ಏನೂ ಮಾಡುವುದಿಲ್ಲ. ಮೂರನೆಯದರಲ್ಲಿ ಸ್ವಲ್ಪ ಎಚ್ಚರ ಬೇಕು. ಈ ಮೂರನ್ನೂ ಒಂದೇ ಅಂದುಕೊಂಡು ಹೆಡ್‌ಫೋನ್ ತಂದವರು, ಇಳಿಯುವಾಗ ಕಿವಿ ನೋವು ಬಂದ ಕೂಡಲೇ 'ಇದು ಕೆಲಸ ಮಾಡಲ್ಲ' ಅಂತ ಬಿಚ್ಚಿಟ್ಟುಬಿಡುತ್ತಾರೆ. ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ.

ವಿಮಾನ ಮೇಲೇರಿ ಒಂದೇ ವೇಗದಲ್ಲಿ ಹೋಗುವಾಗ ಒಳಗಿನ ಸದ್ದು ಸಾಮಾನ್ಯವಾಗಿ 80ರಿಂದ 85 ಡೆಸಿಬಲ್ ಆಸುಪಾಸು ಇರುತ್ತದೆ. ಪಕ್ಕದ ಸೀಟಿನವರ ಜೊತೆ ಮಾತಾಡಲು ದನಿ ಏರಿಸಬೇಕಾಗುತ್ತದಲ್ವಾ, ಅಷ್ಟು. ಅದರಲ್ಲಿ ಎಂಜಿನ್ನಿನ ಪಾಲು ಒಂದಷ್ಟು. ಗಂಟೆಗೆ 800-900 ಕಿಲೋಮೀಟರ್ ವೇಗದಲ್ಲಿ ಹೋಗುವ ವಿಮಾನದ ಮೈಗೆ ಗಾಳಿ ಉಜ್ಜುವ ಸದ್ದಿನ ಪಾಲು ಇನ್ನೊಂದಷ್ಟು. ಎರಡೂ ಸೇರಿ ನಿಲ್ಲದೆ, ಏರಿಳಿತವಿಲ್ಲದೆ ಗುಡುಗುಡು ಅನ್ನುತ್ತಲೇ ಇರುತ್ತದೆ. ರೆಕ್ಕೆಯಿಂದ ಹಿಂದಕ್ಕೆ ಹೋದಷ್ಟೂ ಇದು ಜಾಸ್ತಿ. ಅಮ್ಮ ಹೋದ ಸಲ ಕೂತಿದ್ದು ಅಲ್ಲೇ. ಹಾಗಾಗಿ ಹೆಡ್‌ಫೋನಿಗೆ ಮೊದಲು ಒಂದು ಕೆಲಸ ಮಾಡಿ. ಟಿಕೆಟ್ ಮಾಡುವಾಗಲೇ ರೆಕ್ಕೆಗಿಂತ ಮುಂದಿನ ಸಾಲಿನಲ್ಲಿ, ನಡೆಯುವ ದಾರಿಯ ಪಕ್ಕದ ಸೀಟು ಕೇಳಿ. ಎದ್ದು ಓಡಾಡಲೂ ಅನುಕೂಲ.

ಈ ಸದ್ದಿನಿಂದ ಕಿವಿ ಹಾಳಾಗುತ್ತದಾ? ಒಂದು ಪ್ರಯಾಣದಿಂದ ಆಗುವುದಿಲ್ಲ. ಕೆಲಸದ ಜಾಗಕ್ಕೆ ಅಮೆರಿಕದ ನಿಯೋಶ್ ಸಂಸ್ಥೆ ಹೇಳುವ ಮಿತಿ 85 ಡೆಸಿಬಲ್, ದಿನಕ್ಕೆ 8 ಗಂಟೆ. ಅಲ್ಲಿಂದ ಮುಂದೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ ಆಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ವಿಮಾನದ ಸದ್ದು ಈ ಗೆರೆಯ ಅಂಚಿನಲ್ಲಿದೆ, ಅಷ್ಟೇ. ನಿಜವಾದ ಅಪಾಯ ಬೇರೆ ಕಡೆ ಇದೆ. ಸಾಮಾನ್ಯ ಇಯರ್‌ಫೋನ್ ಹಾಕಿಕೊಂಡು ಸಿನಿಮಾ ನೋಡುವವರು, ಆ ಗುಡುಗುಡು ಸದ್ದನ್ನು ಮೀರಿ ಮಾತು ಕೇಳಿಸಲಿ ಅಂತ ವಾಲ್ಯೂಮ್ ಏರಿಸುತ್ತಾ ಹೋಗುತ್ತಾರೆ. ಗೊತ್ತೇ ಆಗದೆ 90 ದಾಟಿರುತ್ತದೆ. ಹೀಗೆ ಮೂರು ಸಿನಿಮಾ ನೋಡಿದರೆ ಕಿವಿಗೆ ಅದು ಭಾರಿ ಹೊರೆ. ಸದ್ದು ಕಳೆಯುವ ಹೆಡ್‌ಫೋನಿನ ದೊಡ್ಡ ಲಾಭ ಇಲ್ಲಿದೆ. ಹಿನ್ನೆಲೆ ಸದ್ದು ತಗ್ಗುತ್ತದೆ, ವಾಲ್ಯೂಮ್ ಕಡಿಮೆ ಇಟ್ಟರೂ ಮಾತು ಕೇಳಿಸುತ್ತದೆ.

ಈಗ ಪಕ್ಕದ ಮನೆಯವರ 'ಅಲೆ' ವಿಷಯ. ಅವರು ಹೇಳಿದ್ದರಲ್ಲಿ ಅರ್ಧ ಸರಿ. ಹೆಡ್‌ಫೋನ್ ನಿಜವಾಗಿಯೂ ಇನ್ನೊಂದು ಸದ್ದನ್ನು ಹುಟ್ಟಿಸುತ್ತದೆ. ಸದ್ದು ಅಂದರೆ ಗಾಳಿ ಒತ್ತುವುದು, ಸಡಿಲವಾಗುವುದು, ಮತ್ತೆ ಒತ್ತುವುದು. ಹೆಡ್‌ಫೋನಿನಲ್ಲಿ ಪುಟ್ಟ ಮೈಕ್‌ಗಳಿರುತ್ತವೆ. ಹೊರಗಿನ ಸದ್ದು ಯಾವಾಗ ಒತ್ತುತ್ತಿದೆ, ಯಾವಾಗ ಸಡಿಲವಾಗುತ್ತಿದೆ ಅಂತ ಅವು ಹಿಡಿಯುತ್ತವೆ. ಅದು ಒತ್ತುವ ಹೊತ್ತಿಗೆ ಒಳಗಿನ ಸ್ಪೀಕರ್ ಹಿಂದಕ್ಕೆಳೆಯುತ್ತದೆ, ಅದು ಸಡಿಲವಾಗುವ ಹೊತ್ತಿಗೆ ಒತ್ತುತ್ತದೆ. ತೂಗುತ್ತಿರುವ ಜೋಕಾಲಿ ನಮ್ಮ ಕಡೆ ಬರುವಾಗ ಎದುರಿನಿಂದ ಮೆತ್ತಗೆ ತಳ್ಳಿದರೆ ಅದು ನಿಲ್ಲುತ್ತದಲ್ಲ, ಹಾಗೆ. ಎರಡು ಸದ್ದು ಸೇರಿ ಕಿವಿತಮಟೆಗೆ ತಲುಪುವುದು ಮೊದಲಿಗಿಂತ ಕಡಿಮೆ ಒತ್ತಡ. ಮಿದುಳಿಗೆ ಬೇರೆ ಯಾವ ಅಲೆಯೂ ಹೋಗುವುದಿಲ್ಲ. ಕಿವಿಗೆ ಕೆಲಸ ಕಡಿಮೆಯಾಗುತ್ತದೆ, ಅಷ್ಟೇ.

ಅವರು ಬ್ಲೂಟೂತ್ ರೇಡಿಯೋ ಅಲೆಯ ಬಗ್ಗೆ ಹೇಳಿದ್ದರೆ, ಅದರ ಶಕ್ತಿ ಸಾಮಾನ್ಯವಾಗಿ ಕೆಲವೇ ಮಿಲಿವಾಟ್. ಕಿವಿಗೆ ಒತ್ತಿ ಹಿಡಿದು ಮಾತಾಡುವ ಮೊಬೈಲಿನದ್ದು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಆಗಬಹುದು. ಆದರೂ ಮನಸ್ಸಿಗೆ ಸಮಾಧಾನ ಇಲ್ಲ ಅಂದರೆ ವೈರ್ ಹಾಕಿ ಬಳಸಬಹುದು.

ಜೋಕಾಲಿಯ ಮಾತನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ತೆಗೆದುಕೊಂಡು ಹೋಗುತ್ತೇನೆ. ಯಾವ ಸದ್ದು ಹೋಗುತ್ತದೆ, ಯಾವುದು ಉಳಿಯುತ್ತದೆ ಅನ್ನುವುದು ಅಲ್ಲೇ ತಿಳಿಯುತ್ತದೆ. ನಿಧಾನಕ್ಕೆ ತೂಗುವ ಜೋಕಾಲಿಗೆ ಸರಿಯಾದ ಹೊತ್ತಿಗೆ ಕೈ ಕೊಡುವುದು ಸುಲಭ. ಪಟಪಟ ಅಲುಗುವುದಕ್ಕೆ ಕೈ ಕೊಡಲು ಹೋದರೆ ಹೊತ್ತು ತಪ್ಪುತ್ತದೆ. ವಿಮಾನದ ಗುಡುಗು ದನಿ 100 ಹರ್ಟ್ಜ್ ಅಂದರೆ ಒಂದು ಅಲೆ ಮುಗಿಯಲು ಸೆಕೆಂಡಿನ ನೂರನೇ ಒಂದು ಭಾಗ ಸಮಯ ಇದೆ. ಅಲೆಯ ಉದ್ದ ಸುಮಾರು 3.4 ಮೀಟರ್. ಅದೇ 4000 ಹರ್ಟ್ಜ್ ಕೀಚಲು ದನಿಯ ಅಲೆ ಎಂಟೂವರೆ ಸೆಂಟಿಮೀಟರ್. ಇಷ್ಟು ಚಿಕ್ಕ ಅಲೆಗೆ ಎದುರು ಅಲೆ ಕೂರಿಸುವುದು ಕಷ್ಟ. ಹಾಗಾಗಿ ಈ ತಂತ್ರ ಹೆಚ್ಚಾಗಿ 1000 ಹರ್ಟ್ಜ್‌ಗಿಂತ ಕೆಳಗಿನ ದಪ್ಪ ದನಿಗಳ ಮೇಲೆ ಕೆಲಸ ಮಾಡುತ್ತದೆ. ಅದಕ್ಕಿಂತ ಮೇಲಿನದ್ದನ್ನು ತಡೆಯುವುದು ಕಿವಿಯನ್ನು ಮುಚ್ಚುವ ಮೆತ್ತೆ ಅಥವಾ ರಬ್ಬರ್. ಮಗು ಅಳುವುದು, ತಟ್ಟೆ ಸದ್ದು, ಪಕ್ಕದವರ ಮಾತು ಪೂರ್ತಿ ಹೋಗುವುದಿಲ್ಲ, ಮಂದವಾಗುತ್ತವೆ. 'ಪೂರ್ತಿ ನಿಶ್ಶಬ್ದ' ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಈ ವಿದ್ಯೆ ಹೊಸದೇನಲ್ಲ. ಪೌಲ್ ಲ್ಯೂಗ್ ಅನ್ನುವ ಜರ್ಮನ್ ವಿಜ್ಞಾನಿಗೆ ಇದರ ಮೂಲ ಕಲ್ಪನೆಗೆ 1936ರಲ್ಲೇ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ಅದು ಪ್ರಯಾಣಿಕರ ಕಿವಿಗೆ ಬಂದದ್ದು ಬೋಸ್ ಆಡಿಯೋ ಕಂಪನಿ ಕಟ್ಟಿದ, ಬಂಗಾಳಿ ತಂದೆಯ ಮಗ ಅಮರ್ ಬೋಸ್ ಅವರಿಂದ. 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹೋಗುವಾಗ ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಸದ್ದಿನ ನಡುವೆ ಸಂಗೀತ ಸರಿಯಾಗಿ ಕೇಳಿಸಲಿಲ್ಲ. ಅವರು ಅಲ್ಲೇ ಕೂತು ಲೆಕ್ಕ ಹಾಕತೊಡಗಿದರು. ಪೈಲಟ್‌ಗಳ ಹೆಡ್‌ಸೆಟ್ ಮಾರುಕಟ್ಟೆಗೆ ಬಂದದ್ದು 1989ರಲ್ಲಿ, ನಮ್ಮಂಥವರದ್ದು 2000ದಲ್ಲಿ. ಇಷ್ಟು ಹಳೆಯ ವಿದ್ಯೆ ಆದ್ದರಿಂದಲೇ ಈಗ ಅದು ಕಡಿಮೆ ಬೆಲೆಗೂ ಇಳಿದಿದೆ. ನಿಮ್ಮ ಸ್ನೇಹಿತರ '25 ಸಾವಿರ'ದ ಮಾತು ಹತ್ತು ವರ್ಷದ ಹಿಂದೆ ಹೆಚ್ಚು ಕಡಿಮೆ ಸರಿ ಇತ್ತು. ಈಗ ಅಲ್ಲ.

ಅಂಗಡಿಯವರು ತೋರಿಸಿದ ನೆಕ್‌ಬ್ಯಾಂಡ್ ಪೆಟ್ಟಿಗೆಯನ್ನು ಮತ್ತೊಮ್ಮೆ ನೋಡಿ. ಅದರ ಮೇಲೆ 'ಇಎನ್‌ಸಿ' ಅಂತ ಬರೆದಿರುವ ಸಾಧ್ಯತೆ ಜಾಸ್ತಿ. ಇಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಇಎನ್‌ಸಿ ಅಂದರೆ ನೀವು ಫೋನಿನಲ್ಲಿ ಮಾತಾಡುವಾಗ ನಿಮ್ಮ ಸುತ್ತಲಿನ ಗಲಾಟೆ ಆ ಕಡೆಯವರಿಗೆ ಕೇಳಿಸದಂತೆ ಮಾಡುವುದು. ಅದು ಮೈಕಿನ ಕೆಲಸ. ನಿಮ್ಮ ಕಿವಿಗೆ ಅದರಿಂದ ಏನೂ ಇಲ್ಲ. ನಿಮಗೆ ಬೇಕಾದ್ದು 'ಎಎನ್‌ಸಿ', ಅಂದರೆ ಆಕ್ಟಿವ್ ನಾಯ್ಸ್ ಕ್ಯಾನ್ಸಲೇಶನ್. ಅಕ್ಷರ ಒಂದೇ ಬೇರೆ, ವಸ್ತುವೇ ಬೇರೆ. ಅಂಗಡಿಯವರಿಗೂ ಎಷ್ಟೋ ಸಲ ಇದು ಗೊತ್ತಿರುವುದಿಲ್ಲ. 'ಹೈಬ್ರಿಡ್ ಎಎನ್‌ಸಿ' ಅಂತ ಇದ್ದರೆ ಇನ್ನೂ ಒಳ್ಳೆಯದು. ಹೊರಗೊಂದು ಮೈಕ್, ಒಳಗೊಂದು ಮೈಕ್ ಇರುತ್ತದೆ. ಒಳಗಿನದ್ದು, ಕಳೆದ ಮೇಲೂ ಉಳಿದ ಸದ್ದನ್ನು ನೋಡಿ ಸರಿ ಮಾಡುತ್ತದೆ.

ಪೆಟ್ಟಿಗೆಯ ಮೇಲಿನ '45 ಡೆಸಿಬಲ್', '50 ಡೆಸಿಬಲ್' ಅನ್ನುವ ಸಂಖ್ಯೆಗೂ ಮರುಳಾಗಬೇಡಿ. ಅದು ಯಾವುದೋ ಒಂದು ದನಿಮಟ್ಟದಲ್ಲಿ, ಪರೀಕ್ಷಾ ಕೋಣೆಯಲ್ಲಿ ಸಿಕ್ಕ ಅತಿ ಹೆಚ್ಚಿನ ಅಂಕಿ. ನಿಜವಾದ ಕಿವಿಯ ಮೇಲೆ, ದಪ್ಪ ದನಿಗಳಲ್ಲಿ 20ರಿಂದ 25 ಡೆಸಿಬಲ್ ಕಡಿಮೆಯಾದರೂ ಅಮ್ಮನಿಗೆ ಅದು ದೊಡ್ಡ ನೆಮ್ಮದಿ. 10 ಡೆಸಿಬಲ್ ಇಳಿದರೆ ಸದ್ದು ಹೆಚ್ಚು ಕಡಿಮೆ ಅರ್ಧ ಆದಂತೆ ನಮಗೆ ಅನಿಸುತ್ತದೆ.

ಸಂಖ್ಯೆಗಿಂತ ಮುಖ್ಯವಾದದ್ದು ಅದು ಅಮ್ಮನ ಕಿವಿಗೆ ಹೇಗೆ ಕೂರುತ್ತದೆ ಅನ್ನುವುದು. ದಪ್ಪ ದನಿ ಸಣ್ಣ ಸಂದು ಸಿಕ್ಕರೂ ಒಳಗೆ ನುಗ್ಗುತ್ತದೆ. ಕನ್ನಡಕದ ಕಡ್ಡಿ ಮೆತ್ತೆಯ ಕೆಳಗೆ ಹೋದಾಗ ಅಲ್ಲೊಂದು ಸಂದು. ತುರುಬು ಅಡ್ಡ ಬಂದು ಪಟ್ಟಿ ಓರೆಯಾದರೆ ಇನ್ನೊಂದು. ಬೆಂಡೋಲೆಯದ್ದು ಬೇರೆ ಕಥೆ. ಕಿವಿಯನ್ನು ಪೂರ್ತಿ ಒಳಗೆ ತೆಗೆದುಕೊಳ್ಳುವ ದೊಡ್ಡ ಬಟ್ಟಲಾದರೆ ಓಲೆ ಅದರೊಳಗೆ ಕೂರುತ್ತದೆ. ಬಟ್ಟಲು ಚಿಕ್ಕದಾಗಿ ಕಿವಿಯ ಮೇಲೇ ಒತ್ತುವ ಬಗೆಯದ್ದಾದರೆ, ಅರ್ಧ ಗಂಟೆಯಲ್ಲಿ ಹಿಂದಿನ ತಿರುಪು ಚುಚ್ಚತೊಡಗುತ್ತದೆ. ನನ್ನ ಅತ್ತೆಯವರಿಗೆ ಇದೇ ಆಯಿತು. ಹೆಡ್‌ಫೋನ್ ಚೆನ್ನಾಗಿಯೇ ಇತ್ತು. ಮುಂಬೈ ತಲುಪುವ ಮೊದಲೇ ಕಿವಿಯ ಹಿಂದೆ ಕೆಂಪಗಾಗಿ ತೆಗೆದಿಟ್ಟರು. ಅಮ್ಮನಿಗೆ ಓಲೆ ತೆಗೆಯಿರಿ ಅಂತ ಹೇಳಲು ನನಗೆ ಮನಸ್ಸಿಲ್ಲ. ಪ್ರಯಾಣದ ದಿನ ಮಟ್ಟಸವಾದ ಸಣ್ಣ ಓಲೆ ಹಾಕಿಕೊಳ್ಳಲಿ, ಜುಮುಕಿ ಮತ್ತು ಮಾಟಿ ಕೈಚೀಲದಲ್ಲಿರಲಿ. ತುರುಬನ್ನು ಕೆಳಗೆ ಇಳಿಸಿ ಕಟ್ಟಿಕೊಂಡರೆ ಅಥವಾ ಜಡೆ ಹಾಕಿಕೊಂಡರೆ ಸೀಟಿಗೆ ಒರಗಲೂ ಆಗುತ್ತದೆ.

ಈಗ ನಿಮ್ಮ ದುಡ್ಡಿಗೆ ಏನೇನು ಸಿಗುತ್ತದೆ ನೋಡೋಣ.

ಎಲ್ಲಕ್ಕಿಂತ ಅಗ್ಗದ್ದು ಫೋಮ್ ಇಯರ್‌ಪ್ಲಗ್. ಮೆಡಿಕಲ್ ಸ್ಟೋರಿನಲ್ಲಿ ಕೆಲವೇ ಹತ್ತು ರೂಪಾಯಿಗೆ ಒಂದು ಜೊತೆ ಸಿಗುತ್ತದೆ. ಸರಿಯಾಗಿ ಹಾಕಿದರೆ ಎಲ್ಲ ಬಗೆಯ ಸದ್ದನ್ನೂ ಚೆನ್ನಾಗಿ ತಗ್ಗಿಸುತ್ತದೆ. ಹತ್ತರಲ್ಲಿ ಎಂಟು ಜನ ಸರಿಯಾಗಿ ಹಾಕುವುದಿಲ್ಲ, ಸುಮ್ನೆ ತೂತಿನ ಬಾಯಿಗೆ ಅಂಟಿಸಿಕೊಳ್ಳುತ್ತಾರೆ ಅಂತ ನನಗೆ ಅನಿಸುತ್ತದೆ. ಬತ್ತಿ ಹೊಸೆದ ಹಾಗೆ ಬೆರಳಲ್ಲಿ ಹೊಸೆದು ಸಣ್ಣಗೆ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗೆ ಸೇರಿಸಬೇಕು. ಅರ್ಧ ನಿಮಿಷ ಬೆರಳಿನಿಂದ ಹಿಡಿದಿರಬೇಕು, ಆಗ ಅದು ಒಳಗೇ ಉಬ್ಬಿ ಕೂರುತ್ತದೆ. ತೊಂದರೆ ಏನೆಂದರೆ ಕಿವಿಯಲ್ಲಿ ಗುಗ್ಗೆ ತುಂಬಿದ್ದರೆ ಇದು ಒಳಕ್ಕೆ ತಳ್ಳುತ್ತದೆ. ಕಿವಿ ಸೋರುತ್ತಿದ್ದರೆ, ತಮಟೆ ತೂತಾಗಿದ್ದರೆ ಹಾಕಲೇಬಾರದು. ಮಾತೂ ಮಂದವಾಗುತ್ತದೆ. ಆದರೆ ನಿದ್ದೆಗೆ ಇದನ್ನು ಮೀರಿಸಿದ್ದು ಕಡಿಮೆ. ಯಾವ ಹೆಡ್‌ಫೋನ್ ಕೊಂಡರೂ ಒಂದು ಜೊತೆ ಇದನ್ನೂ ಚೀಲದಲ್ಲಿಡಿ.

2ರಿಂದ 4 ಸಾವಿರಕ್ಕೆ ಎಎನ್‌ಸಿ ಇರುವ ಪುಟ್ಟ ಇಯರ್‌ಬಡ್‌ಗಳು ಬರುತ್ತವೆ. ಓಲೆ, ಕನ್ನಡಕ, ತುರುಬು ಯಾವುದೂ ಅಡ್ಡ ಬರುವುದಿಲ್ಲ. ನೀವು 30 ವರ್ಷದವರಾಗಿದ್ದು ನಿಮಗೇ ಕೇಳಿದ್ದರೆ ಇದನ್ನೇ ತೆಗೆದುಕೊಳ್ಳಿ ಅನ್ನುತ್ತಿದ್ದೆ. ಅಮ್ಮನಿಗೆ ಬೇಡ ಅನ್ನುವುದಕ್ಕೆ ನನಗೆ ಕಾರಣ ಇದೆ. ಎಎನ್‌ಸಿ ಹಾಕಿದರೆ ಈ ಬೆಲೆಯ ಬಡ್‌ಗಳಲ್ಲಿ ಚಾರ್ಜ್ ಸಾಮಾನ್ಯವಾಗಿ 5-6 ಗಂಟೆ ಬರುತ್ತದೆ. ಆಮೇಲೆ ಡಬ್ಬಿಗೆ ಹಾಕಿ ಕಾಯಬೇಕು. ಕೈ ತಾಗಿದರೆ ಏನೋ ಒತ್ತಿಹೋಗುತ್ತದೆ. ವೈರ್ ಹಾಕಲು ಜಾಗವೇ ಇಲ್ಲ, ಸೀಟಿನ ಮುಂದಿನ ಪರದೆಗೆ ಜೋಡಿಸಲು ಬೇರೆ ಸಲಕರಣೆ ಬೇಕು. ಇನ್ನೊಂದು, ಬಡ್ ಜಾರಿ ಸೀಟಿನ ಸಂದಿಗೆ ಬಿದ್ದರೆ ಸೀಟನ್ನು ಹಿಂದೆ ಮುಂದೆ ಆಡಿಸಿ ಹುಡುಕಬಾರದು. ಒಳಗೆ ಲಿಥಿಯಂ ಬ್ಯಾಟರಿ ಇದೆ, ಜಜ್ಜಿದರೆ ಬೆಂಕಿ ಹೊತ್ತಿಕೊಳ್ಳಬಹುದು. ವಿಮಾನದ ಸಿಬ್ಬಂದಿಯನ್ನು ಕರೆಯಬೇಕು. ಭಾಷೆ ಬಾರದ ಅಮ್ಮನಿಗೆ ನಡುರಾತ್ರಿ ಈ ಗಲಿಬಿಲಿ ಯಾಕೆ ಹೇಳಿ.

ನಿಮ್ಮ 7-8 ಸಾವಿರಕ್ಕೆ ಸರಿಹೊಂದುವುದು ಕಿವಿ ಮುಚ್ಚುವ ದೊಡ್ಡ ಬಟ್ಟಲಿನ, ಎಎನ್‌ಸಿ ಇರುವ ಹೆಡ್‌ಫೋನ್. ಉದಾಹರಣೆಗೆ ಸೋನಿಯ ಡಬ್ಲ್ಯುಎಚ್-ಸಿಎಚ್720ಎನ್ ತೂಕ ಬರೀ 192 ಗ್ರಾಂ. ಎಎನ್‌ಸಿ ಹಾಕಿಯೂ 35 ಗಂಟೆ ನಡೆಯುತ್ತದೆ ಅಂತ ಕಂಪನಿ ಹೇಳುತ್ತದೆ. 2023ರಲ್ಲಿ ಬಂದಾಗ 9,990 ರೂಪಾಯಿ ಇತ್ತು, ಆಫರ್ ದಿನಗಳಲ್ಲಿ ಇಳಿಯುತ್ತದೆ. ಜೆಬಿಎಲ್ ಟ್ಯೂನ್ 770ಎನ್‌ಸಿ, ಸೌಂಡ್‌ಕೋರ್ ಕ್ಯೂ20ಐ ಇದೇ ಸಾಲಿನವು. ಇಂಥದ್ದೇ ತನ್ನಿ ಅಂತ ನಾನು ಹೇಳುವುದಿಲ್ಲ. ಒಂದೇ ಹೆಡ್‌ಫೋನ್ ಒಬ್ಬರ ತಲೆಗೆ ಹೂವಿನಂತೆ ಕೂತರೆ ಇನ್ನೊಬ್ಬರಿಗೆ ಇಕ್ಕಳದ ಹಾಗೆ ಹಿಡಿಯುತ್ತದೆ. ತೂಕ ಮಾತ್ರ 250 ಗ್ರಾಂ ದಾಟದಿರಲಿ. 10 ಗಂಟೆ ಕತ್ತಿನ ಮೇಲಿರುವ ವಸ್ತು.

25-30 ಸಾವಿರದ್ದು ಇದಕ್ಕಿಂತ ಚೆನ್ನಾಗಿ ಸದ್ದು ಕಳೆಯುತ್ತದೆ, ಅದರಲ್ಲಿ ಸುಳ್ಳಿಲ್ಲ. ತಿಂಗಳಿಗೆ ನಾಲ್ಕು ಸಲ ಹಾರುವವರಿಗೆ ಅದು ಬೇಕು. ಅಮ್ಮನ ಹೋಗಿ ಬರುವ ಎರಡು ಪ್ರಯಾಣಕ್ಕೆ ಆ ಹೆಚ್ಚುವರಿ ದುಡ್ಡು ಬೇಡ. ಅದೇ ದೊಡ್ಡ ಹೆಸರಿನದ್ದು 1,500 ರೂಪಾಯಿಗೆ ಸಿಗುತ್ತಿದೆ ಅಂದರೆ ಅದು ನಕಲಿ. ಬಿಲ್ ಇಲ್ಲದೆ, ವಾರಂಟಿ ಇಲ್ಲದೆ ತೆಗೆದುಕೊಳ್ಳಬೇಡಿ.

ಕೊಳ್ಳುವಾಗ ಒಂದು ವಿಷಯ ಖಂಡಿತ ನೋಡಿ. ವೈರ್ ಹಾಕುವ ತೂತು ಇರಬೇಕು, ವೈರ್ ಹಾಕಿದ ಮೇಲೂ ಎಎನ್‌ಸಿ ನಡೆಯಬೇಕು. ಕೆಲವು ಅಗ್ಗದ ಮಾದರಿಗಳಲ್ಲಿ ವೈರ್ ಚುಚ್ಚಿದ ಕೂಡಲೇ ಎಎನ್‌ಸಿ ಆಫ್ ಆಗುತ್ತದೆ. ವಿಮಾನದ ಪರದೆಯಲ್ಲಿ ಕೆಲವು ಕಡೆ ಎರಡು ಕಡ್ಡಿಯ ಪ್ಲಗ್ ಬೇಕಾಗುತ್ತದೆ. ಅದರ ಅಡಾಪ್ಟರ್ ನೂರಿನ್ನೂರು ರೂಪಾಯಿ ಒಳಗೆ ಸಿಗುತ್ತದೆ, ಒಂದು ಇಟ್ಟುಕೊಳ್ಳಿ. ಪವರ್ ಬ್ಯಾಂಕ್ ಒಯ್ಯುವುದಾದರೆ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ.

ಪರೀಕ್ಷೆ ಮಾಡುವುದು ಹೇಗೆ? ಅಂಗಡಿಯಲ್ಲಿ ಜೋರಾಗಿ ಹಾಡು ಹಾಕಿ ತೋರಿಸುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಹಾಡು ನಿಲ್ಲಿಸಿ. ಫ್ಯಾನ್ ಅಥವಾ ಜನರೇಟರ್ ಹತ್ತಿರ ನಿಂತು ಎಎನ್‌ಸಿ ಆನ್ ಮಾಡಿ, ಆಫ್ ಮಾಡಿ. ವ್ಯತ್ಯಾಸ ಆ ಕ್ಷಣಕ್ಕೇ ಗೊತ್ತಾಗಬೇಕು. ಇದಕ್ಕಿಂತ ಒಳ್ಳೆಯ ಪರೀಕ್ಷೆ ನಮ್ಮ ಕೆಎಸ್‌ಆರ್‌ಟಿಸಿ ಬಸ್ಸು. ವಾಪಸ್ ಕೊಡಲು ಅವಕಾಶ ಇರುವ ಕಡೆ ಕೊಂಡು, ಆ ಗಡುವಿನೊಳಗೆ ಅಮ್ಮನನ್ನು ಕೂರಿಸಿಕೊಂಡು ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗಿ ಬನ್ನಿ. ಎಂಜಿನ್ ಹತ್ತಿರದ ಸೀಟು ಹಿಡಿಯಿರಿ. ಬಸ್ಸಿನ ಗುಡುಗು ದನಿ ವಿಮಾನದ ದನಿಗೆ ಹತ್ತಿರದ ಬಂಧು. ಒಂದೂವರೆ ಗಂಟೆ ಹಾಕಿಕೊಂಡು ಕೂತಾಗ ಓಲೆ ಚುಚ್ಚುತ್ತದಾ, ಕನ್ನಡಕ ಒತ್ತುತ್ತದಾ, ಬೆವರುತ್ತದಾ, ಎಲ್ಲ ಗೊತ್ತಾಗುತ್ತದೆ.

ಆಗ ಇನ್ನೊಂದು ವಿಷಯವೂ ತಿಳಿಯುತ್ತದೆ. ಎಎನ್‌ಸಿ ಆನ್ ಮಾಡಿದಾಗ ಕೆಲವರಿಗೆ ಕಿವಿ ಅದುಮಿದ ಹಾಗೆ ಆಗುತ್ತದೆ, ತಲೆ ಸುತ್ತಿದ ಹಾಗೂ ಅನಿಸಬಹುದು. ಕಿವಿಯಲ್ಲಿ ನಿಜವಾಗಿ ಒತ್ತಡ ಏರಿರುವುದಿಲ್ಲ. ದಪ್ಪ ದನಿ ಇದ್ದಕ್ಕಿದ್ದಂತೆ ಮಾಯವಾದದ್ದನ್ನು ಮಿದುಳು ಒತ್ತಡದ ಬದಲಾವಣೆ ಅಂತ ತಿಳಿದುಕೊಳ್ಳುತ್ತದೆ. ಹೆಚ್ಚಿನವರಿಗೆ ಸ್ವಲ್ಪ ಹೊತ್ತಿನಲ್ಲಿ ಒಗ್ಗುತ್ತದೆ. ಒಗ್ಗದಿದ್ದರೆ ಆ ಹೆಡ್‌ಫೋನ್ ವಾಪಸ್ ಕೊಡಿ, ಬಲವಂತ ಮಾಡಬೇಡಿ.

ಇಳಿಯುವಾಗಿನ ಕಿವಿ ನೋವಿಗೆ ಬರೋಣ. ನಂದಿ ಬೆಟ್ಟದಿಂದ ಇಳಿಯುವಾಗ ಕಿವಿ ಮುಚ್ಚಿಕೊಂಡಂತಾಗಿ ಆಮೇಲೆ ಟಪ್ ಅಂತ ಬಿಡುತ್ತದಲ್ಲ, ಇದೂ ಅದೇ. ನಂದಿ ಬೆಟ್ಟ 1,478 ಮೀಟರ್, ಅಂದರೆ ಸುಮಾರು 4,850 ಅಡಿ. ಹಾರುವಾಗ ವಿಮಾನದ ಒಳಗಿನ ಗಾಳಿಯ ಒತ್ತಡ 6ರಿಂದ 8 ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದ ಹಾಗೆ ಇರುತ್ತದೆ. ಅಲ್ಲಿಂದ ಅರ್ಧ ಗಂಟೆಯಲ್ಲಿ ಫ್ರಾಂಕ್‌ಫರ್ಟ್‌ನ ನೆಲಕ್ಕೆ ಇಳಿಯಬೇಕು. ಕಿವಿಯಿಂದ ಗಂಟಲಿನ ಹಿಂಭಾಗಕ್ಕೆ ಹೋಗುವ ಸಣ್ಣ ಕೊಳವೆ ತೆರೆದುಕೊಂಡರೆ ಒಳಗಿನ ಹೊರಗಿನ ಒತ್ತಡ ಸಮ ಆಗುತ್ತದೆ. ನುಂಗುವಾಗ, ಆಕಳಿಸುವಾಗ ಅದು ತೆರೆಯುತ್ತದೆ. ನಿದ್ದೆಯಲ್ಲಿ ನಾವು ನುಂಗುವುದೇ ಕಡಿಮೆ. ಅದಕ್ಕೆ ಇಳಿಯುವ ಮುಕ್ಕಾಲು ಗಂಟೆ ಮೊದಲೇ ಎಚ್ಚರವಾಗಿರಬೇಕು. ಕಲ್ಲುಸಕ್ಕರೆ, ಪೆಪ್ಪರ್‌ಮಿಂಟ್ ಬಾಯಲ್ಲಿಟ್ಟುಕೊಂಡು ನುಂಗುತ್ತಿರಲಿ. ಶುಗರ್ ಇದ್ದರೆ ನೀರು ಗುಟುಕರಿಸಲಿ. ಮೂಗು ಹಿಡಿದು ಮೆತ್ತಗೆ ಊದಬಹುದು, ಜೋರಾಗಿ ಬೇಡ. ಆಗ ಇಯರ್‌ಪ್ಲಗ್ ಕಿವಿಯಲ್ಲಿದ್ದರೆ ತೆಗೆದುಬಿಡಲಿ. ನೆಗಡಿ ಇದ್ದರೆ ಹೊರಡುವ ಮೊದಲು ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ. ಮೂಗು ಬಿಡಿಸುವ ಔಷಧಿಗಳಲ್ಲಿ ಕೆಲವು ಬಿಪಿ ಇರುವವರಿಗೆ ಆಗುವುದಿಲ್ಲ, ತಾವಾಗಿ ತೆಗೆದುಕೊಳ್ಳುವುದು ಬೇಡ.

ಇನ್ನು ಟ್ವಿಸ್ಟಿಂಗ್ ಯಂತ್ರ. ವರ್ಷಗಟ್ಟಲೆ ಜೋರು ಸದ್ದಿನಲ್ಲಿ ಕೆಲಸ ಮಾಡಿದವರ ಕಿವಿ ಮೊದಲು ಕಳೆದುಕೊಳ್ಳುವುದು 3000ದಿಂದ 6000 ಹರ್ಟ್ಜ್ ನಡುವಿನ ಸಣ್ಣ ದನಿಗಳನ್ನು, ಅದರಲ್ಲೂ 4000ದ ಸುತ್ತಮುತ್ತ. 'ಸ', 'ಶ', 'ತ', 'ಕ' ಇಂಥ ಅಕ್ಷರಗಳು ಮಸುಕಾಗುತ್ತವೆ. ಅದಕ್ಕೇ 'ಕೇಳಿಸುತ್ತೆ, ಆದರೆ ಏನಂದರು ಅಂತ ಗೊತ್ತಾಗಲ್ಲ' ಅನ್ನುತ್ತಾರೆ. ಶಿಡ್ಲಘಟ್ಟದ ಕಡೆಯಿಂದ ಬರುವ ಹೆಂಗಸರ ಬಾಯಲ್ಲಿ ಈ ಮಾತನ್ನು ನಾನು ಅದೆಷ್ಟು ಸಲ ಕೇಳಿದ್ದೇನೋ. ಇಂಥ ಕಿವಿಗೆ ವಿಮಾನದ ದಪ್ಪ ದನಿ ಇನ್ನಷ್ಟು ಹಿಂಸೆ, ಯಾಕೆಂದರೆ ದಪ್ಪ ದನಿ ಜೋರಾದಾಗ ಅದಕ್ಕಿಂತ ಮೇಲಿನ ದನಿಗಳನ್ನೂ ಮುಚ್ಚಿಹಾಕುತ್ತದೆ. ಸಿಬ್ಬಂದಿ ಏನು ಕೇಳಿದರು ಅಂತ ತಿಳಿಯಲು ಅಮ್ಮ ಹೋದ ಸಲ ಮೂರು ಗಂಟೆ ಕಿವಿ ನಿಮಿರಿಸಿಕೊಂಡೇ ಕೂತಿದ್ದಿರಬೇಕು. ತಲೆನೋವಿಗೆ ಅದೂ ಒಂದು ಕಾರಣ ಆಗಿರಬಹುದು. ಹಾಗಾಗಿ ಎಎನ್‌ಸಿ ಹಾಕಿಕೊಂಡಾಗ ಅಮ್ಮನಿಗೆ ಮಾತು ಕಡಿಮೆ ಕೇಳಿಸುವ ಬದಲು ಇನ್ನೂ ಸ್ಪಷ್ಟವಾಗಿ ಕೇಳಿಸಿದರೆ ಆಶ್ಚರ್ಯ ಪಡಬೇಡಿ. ಸಿಬ್ಬಂದಿ ಮಾತಾಡಿಸುವಾಗ ಹೊರಗಿನ ಸದ್ದನ್ನು ಒಳಬಿಡುವ ಬಟನ್ ಯಾವುದು ಅಂತ ಮಾತ್ರ ತೋರಿಸಿಕೊಡಿ. ಆ ಬಟನ್ ಮೇಲೆ ಉಗುರುಬಣ್ಣದ ಒಂದು ಚುಕ್ಕೆ ಇಟ್ಟರೆ ಹುಡುಕಲು ಸುಲಭ.

ಗುಂಯ್ ಸದ್ದಿಗೂ ಇದೇ ಹಿನ್ನೆಲೆ ಇರುವ ಸಾಧ್ಯತೆ ಇದೆ. ಅದು ಹೊರಗಿನದ್ದಲ್ಲ, ಕಿವಿ-ಮಿದುಳಿನ ದಾರಿಯಲ್ಲೇ ಹುಟ್ಟುವುದು. ಹೆಡ್‌ಫೋನ್ ಅದನ್ನು ಕಳೆಯಲಾರದು. ಸುತ್ತ ಸದ್ದು ತಗ್ಗಿದಾಗ ಅದು ಎದ್ದು ಕೇಳಿಸಲೂಬಹುದು. ಅಮ್ಮ ಗಾಬರಿಯಾಗದಂತೆ ಮೊದಲೇ ಹೇಳಿಡಿ. ಫೋನಿನಲ್ಲಿ ಅವರಿಗೆ ಇಷ್ಟವಾದ ಭಜನೆ, ವೀಣೆ, ಮಳೆಯ ಸದ್ದು ಏನಾದರೂ ತುಂಬಿಕೊಡಿ. ತೀರಾ ಸಣ್ಣಗೆ ಇಟ್ಟುಕೊಂಡು ಕೇಳಲಿ, ವಾಲ್ಯೂಮ್ ಅರ್ಧಕ್ಕಿಂತ ಕೆಳಗೆ. ಇಷ್ಟರಲ್ಲೇ ಎಷ್ಟೋ ಜನಕ್ಕೆ ನಿದ್ದೆ ಬರುತ್ತದೆ.

ಹೊರಡುವುದಕ್ಕೆ ಮೊದಲು ಅಮ್ಮನಿಗೆ ಒಂದು ಶ್ರವಣ ಪರೀಕ್ಷೆ ಮಾಡಿಸಿ ಅಂತ ನಾನು ಕೇಳಿಕೊಳ್ಳುತ್ತೇನೆ. ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ವಿಚಾರಿಸಿ, ಅಥವಾ ನನ್ನ ಹತ್ತಿರವೇ ಕರೆತನ್ನಿ. ಅರ್ಧ ಗಂಟೆಯ ಕೆಲಸ, ನೋವಿಲ್ಲ. ಗುಗ್ಗೆ ಇದ್ದರೆ ಅದನ್ನೂ ಅಲ್ಲೇ ನೋಡಬಹುದು. ಅವರು ಹೋಗುತ್ತಿರುವುದು ಬಾಣಂತನಕ್ಕೆ. ಬಾಗಿಲು ಮುಚ್ಚಿದ ಪಕ್ಕದ ಕೋಣೆಯಲ್ಲಿ ರಾತ್ರಿ ಕೂಸು ಕೊಸರಾಡಿದರೆ ಅವರಿಗೆ ಕೇಳಿಸಬೇಕು. ಡಾಕ್ಟರ್ ಹೇಳಿದ್ದು ಅರ್ಥವಾಗಬೇಕು. ಶ್ರವಣ ಸಾಧನ ಬೇಕು ಅಂತ ಬಂದರೆ ಅದಕ್ಕೆ ಒಗ್ಗಿಕೊಳ್ಳಲು ಕೆಲವು ವಾರ ಬೇಕಾಗುತ್ತದೆ. ಹೆಡ್‌ಫೋನ್ ಆಯ್ಕೆಯೂ ಆಗ ಬದಲಾಗಬಹುದು, ಯಾಕೆಂದರೆ ಸಾಧನದ ಮೇಲೆ ಬಟ್ಟಲು ಒತ್ತಿದರೆ ಕೆಲವು ಸಲ ಅದು ಕುಯ್ಯೋ ಅಂತ ಸಿಳ್ಳೆ ಹಾಕುತ್ತದೆ. ಹಾಗಾಗಿ ಮೊದಲು ಪರೀಕ್ಷೆ, ಆಮೇಲೆ ಅಂಗಡಿ. ಪರೀಕ್ಷೆಯ ಹಿಂದಿನ ದಿನ ಸಂಜೆಯಿಂದಲೇ, ಕನಿಷ್ಠ 14 ಗಂಟೆ, ಅಮ್ಮ ಯಂತ್ರದ ಕೋಣೆಗೆ ಹೋಗದಿರಲಿ. ಸದ್ದಿನಿಂದ ದಣಿದ ಕಿವಿ ಸರಿಯಾದ ಫಲಿತಾಂಶ ಕೊಡುವುದಿಲ್ಲ.